ಮೂರು ಸಲ ಹೇಳುವವಳು

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ವಿಚಾರಣೆ ಕೌಂಟರಿನ ಹಿಂದೆ ಕೂರುವವಳು ನಾನು. ಕೌಂಟರಿನ ಪಕ್ಕದಲ್ಲೇ ಆಳೆತ್ತರದ ಬೋರ್ಡಿದೆ, ಯಾವ ಬಸ್ಸು ಎಷ್ಟು ಹೊತ್ತಿಗೆ ಅಂತ ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಜನ ಆ ಬೋರ್ಡಿಗೇ ಒರಗಿಕೊಂಡು ನಿಂತು, "ಮೇಡಂ, ಬಸ್ಸು ಎಷ್ಟೊತ್ತಿಗೆ?" ಅಂತ ನನ್ನನ್ನು ಕೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಇದೇ ಪಾಡು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅನ್ನುವವರು ಒಂದು ದಿನ ಬಂದು ಆ ಕುರ್ಚಿಯಲ್ಲಿ ಕೂತು ನೋಡಲಿ, ಆಮೇಲೆ ಮಾತಾಡೋಣ.

ಹೇಳಹೊರಟಿದ್ದು ನನ್ನ ಕಥೆ ಅಲ್ಲ. ನನ್ನ ಪಕ್ಕ, ಪ್ಲೈವುಡ್ ಗೋಡೆಯ ಆಚೆ, ಗಾಜಿನ ಗೂಡಿನಲ್ಲಿ ಕೂರುವವಳದು. ಸ್ಟ್ಯಾಂಡಿನಲ್ಲಿ ಎಲ್ಲರೂ ಅವಳನ್ನು ಮೈಕಮ್ಮ ಅಂತಾರೆ. ಹೆಸರು ಕೇಳಿದರೆ ಯಾವುದೋ ಅಜ್ಜಿ ಇರಬೇಕು ಅನ್ನಿಸುತ್ತೆ. ಅವಳಿಗೆ ಇನ್ನೂ ಮೂವತ್ತು ತುಂಬಿಲ್ಲ. ಗಾಜಿನ ಮೇಲೆ ಬಿಸಿಲು ಬೀಳುತ್ತೆ ಅಂತ ಒಳಗಿನಿಂದ ಹಳೆ ವೇಳಾಪಟ್ಟಿಗಳನ್ನು ಅಂಟಿಸಿದ್ದೇವೆ, ಹಾಗಾಗಿ ಅವಳ ಮುಖ ಪ್ರಯಾಣಿಕರಿಗೆ ಕಾಣಿಸಲ್ಲ. ಧ್ವನಿ ಮಾತ್ರ ಊರಿಗೆಲ್ಲ ಗೊತ್ತು.

ಅವಳು ಇಲ್ಲಿಗೆ ಬಂದಿದ್ದೂ ನನ್ನ ಕೌಂಟರಿನ ಮುಂದಿನಿಂದಲೇ. ಒಂದು ದಿನ ಸಾಲಿನಲ್ಲಿ ಒಬ್ಬ ಮುದುಕ ನಿಂತಿದ್ದ. ಯಾವುದೋ ಬಸ್ಸು ಕೇಳಿದ. ನಾನು ವಾಡಿಕೆಯಂತೆ, "ಬೋರ್ಡು ನೋಡಿ" ಅಂದೆ. ಅವನಿಗೆ ಓದೋಕೆ ಬರುತ್ತಿರಲಿಲ್ಲ, ಬಾಯಿ ಬಿಟ್ಟು ಹೇಳೋಕೆ ನಾಚಿಕೆ. ಹಿಂದೆ ನಿಂತಿದ್ದ ಹುಡುಗಿ ಒಬ್ಬಳು, ಯಾರನ್ನೂ ಏನೂ ಕೇಳದೆ, ಇಡೀ ಬೋರ್ಡನ್ನು ಮೇಲಿನಿಂದ ಕೆಳಗೆ ಜೋರಾಗಿ ಓದಿ ಹೇಳಿಬಿಟ್ಟಳು. ಸಾಲಿನಲ್ಲಿದ್ದವರು ತಿರುಗಿದರು, ಬೆಂಚಿನಲ್ಲಿದ್ದವರು ತಿರುಗಿದರು, ಅಷ್ಟೇ ಯಾಕೆ, ಟೀ ಅಂಗಡಿಯವನು ಟೀ ಸೋಸುವುದನ್ನು ಬಿಟ್ಟು ನೋಡಿದ. ಅಷ್ಟು ಸ್ಪಷ್ಟ, ಅಷ್ಟು ಗಟ್ಟಿ. ಆಗ ಮೈಕಿನಲ್ಲಿದ್ದ ಹಿರಿಯರಿಗೆ ಗಂಟಲು ಕೈ ಕೊಟ್ಟಿತ್ತು. ಹಿಂದಿನ ಮ್ಯಾನೇಜರು ಓಡಿ ಬಂದು, "ಏನಮ್ಮಾ, ಕೆಲಸ ಮಾಡ್ತೀಯಾ?" ಅಂತ ಕೇಳಿದರು. ಇವಳು, "ಮಾತಾಡೋದು ಕೆಲಸನಾ ಸರ್? ಹಾಗಾದ್ರೆ ನಮ್ಮನೇಲಿ ನಾನು ಬಿಟ್ಟಿ ದುಡೀತಿದ್ದೆ" ಅಂದಳು. ಆವತ್ತೇ ನನಗೆ ಇಷ್ಟವಾದಳು. ತೋರಿಸಿಕೊಳ್ಳಲಿಲ್ಲ.

ಅವಳ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಫ್ಯಾನು ಆರಿಸಬೇಕು, ಇಲ್ಲದಿದ್ದರೆ ಅದರ ಗರಗರ ಮೈಕಿಗೆ ಹೋಗುತ್ತೆ. ಗೂಡಿಗೂ ನನ್ನ ಕೌಂಟರಿಗೂ ಇರುವುದು ಒಂದೇ ಫ್ಯಾನು. ಅವಳು ಬಾಯಿ ತೆರೆದಾಗಲೆಲ್ಲ ನಾನು ಬೆವರಬೇಕು, ಇದು ನನ್ನ ಹಣೆಬರಹ. ಆಮೇಲೆ ಟಿಂಗ್ ಟಾಂಗ್ ಗುಂಡಿ ಒತ್ತುತ್ತಾಳೆ, ಗೋಡೆ ಗಡಿಯಾರ ನೋಡುತ್ತಾಳೆ, ಹೇಳುತ್ತಾಳೆ. ಪ್ರತಿ ಬಸ್ಸಿಗೂ ಮೂರು ಸಲ. ಮೊದಲನೆಯದು ಕೂತವರಿಗೆ, ಎರಡನೆಯದು ಟೀ ಕುಡಿಯುವವರಿಗೆ, ಮೂರನೆಯದು ಓಡಿ ಬರುವವರಿಗೆ ಅಂತ ಅವಳೇ ಹೇಳುತ್ತಾಳೆ. ಮೂರನೇ ಸಲ ಹೇಳಿದ ಮೇಲೆ ಬಸ್ಸು ನಿಲ್ಲುವ ಹಾಗಿಲ್ಲ. ಆ ಮೂರನೆಯದರ ಕೊನೆಯಲ್ಲಿ ಅವಳು "ಶುಭ ಪ್ರಯಾಣ" ಅಂತ ಸೇರಿಸುತ್ತಾಳೆ. ಯಾವ ನಿಯಮದಲ್ಲೂ ಅದಿಲ್ಲ. ಯಾರಾದರೂ ದೂರ ಹೋಗುವಾಗ ಅಷ್ಟಾದರೂ ಹೇಳಬೇಡವಾ ಅನ್ನುತ್ತಾಳೆ.

ಇನ್ನು ಅವನ ವಿಷಯ. ಸಂಜೆ ಹೊರಡುವ ಬೆಟ್ಟದ ಬಸ್ಸಿನ ಡ್ರೈವರು. ಬೆಟ್ಟದ ಮೇಲಿನ ಊರಿಗೆ ಅದೇ ದಿನದ ಕೊನೆಯ ಬಸ್ಸು, ಮೂರನೇ ಪ್ಲಾಟ್‌ಫಾರಂ. ಐದು ವರ್ಷ ಇವಳೂ ಅವನೂ ಓಡಾಡಿದರು. ಮುಚ್ಚುಮರೆ ಏನಿರಲಿಲ್ಲ, ಸ್ಟ್ಯಾಂಡಿಗೆಲ್ಲ ಗೊತ್ತು. ಅವನು ಬಸ್ಸು ತೆಗೆದುಕೊಂಡು ಹೋಗಿ, ಸೇತುವೆ ದಾಟಿ ಡೀಸೆಲ್ ಬಂಕಿನಲ್ಲಿ ನಿಲ್ಲಿಸುತ್ತಿದ್ದ. ಟ್ಯಾಂಕು ತುಂಬುವವರೆಗೆ ಇವಳಿಗೆ ಫೋನು. ಆ ಹೊತ್ತಿಗೆ ನಾನು ಏನು ಕೇಳಿದರೂ ಇವಳಿಗೆ ಕಿವಿಯೇ ಇರುತ್ತಿರಲಿಲ್ಲ. "ಮದುವೆ ಯಾವಾಗಯ್ಯಾ?" ಅಂತ ಕೇಳಿದರೆ ಅವನು, "ಇನ್ನೇನು ಅಕ್ಕಾ" ಅನ್ನುತ್ತಿದ್ದ. ಐದು ವರ್ಷವೂ ಇನ್ನೇನು. ಕೊನೆಗೆ ಒಂದು ದಿನ ಮೊಬೈಲಿನಲ್ಲಿ ಎರಡು ಸಾಲು ಕಳಿಸಿದ. ಮನೆಯವರು ಬೇರೆ ಕಡೆ ನೋಡಿದ್ದಾರೆ, ನಾನು ಒಪ್ಪಿದ್ದೇನೆ, ತಪ್ಪು ತಿಳಿಯಬೇಡ. ಅಷ್ಟೇ. ತಪ್ಪು ತಿಳಿಯಬೇಡವಂತೆ! ಎದುರಿಗೆ ಬಂದು ಹೇಳೋಕೆ ಬಾಯಿ ಇರಲಿಲ್ಲ, ದಿನಾ ಸಂಜೆ ಅದೇ ಮೂರನೇ ಪ್ಲಾಟ್‌ಫಾರಂಗೆ ಬಸ್ಸು ತಂದು ನಿಲ್ಲಿಸೋಕೆ ಮಾತ್ರ ಮುಖ ಇತ್ತು.

ಬೇರೆ ಹುಡುಗಿಯರಾದರೆ ಆ ಬೀದಿಗೆ ಹೋಗುವುದನ್ನು ಬಿಡಬಹುದು, ಫೋನ್ ನಂಬರು ಅಳಿಸಬಹುದು. ಇವಳು ಅವನು ಹೊರಡುವುದನ್ನು ಪ್ರತಿದಿನ ಮೂರು ಸಲ ಊರಿಗೆಲ್ಲ ಸಾರಬೇಕು. ಆ ಸಂಜೆ ಫ್ಯಾನು ಆರಿಸಿದಳು, ಟಿಂಗ್ ಟಾಂಗ್ ಒತ್ತಿದಳು. "ಬೆಟ್ಟದ ಊರಿಗೆ" ಅಂದಳು, ಮುಂದಿನ ಮಾತು ಬರಲಿಲ್ಲ. ಮೈಕು ಚಾಲೂ ಇದೆ, ಊರೆಲ್ಲ ಕೇಳುತ್ತಿದೆ. ನಾನು ಎದ್ದು ಹೋಗಿ ಮೈಕು ಕಿತ್ತುಕೊಂಡು, "ಏ, ಬೆಟ್ಟದವರೇ! ಬಸ್ಸು ಬಂದಿದೆ. ಬೋರ್ಡಲ್ಲೂ ಬರ್ದಿದೆ, ಕಣ್ಣಿದ್ರೆ ನೋಡ್ಕೊಂಡು ಹತ್ತಿ" ಅಂದೆ. ನನ್ನದು ತುಕ್ಕು ಹಿಡಿದ ಗೇಟಿನ ಧ್ವನಿ. ಹೊರಗೆ ಒಂದು ಮಗು ಬೆಚ್ಚಿ ಅಳೋಕೆ ಶುರು ಮಾಡಿತು.

ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ಇವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಕ್ಕಾ, ಕರೆದಿದ್ದಾ ಬೈದಿದ್ದಾ?" ಅಂದಳು. ನಕ್ಕು ನಕ್ಕು ಮತ್ತೆ ಅತ್ತಳು. ನಾನು ತಲೆ ಸವರಲಿಲ್ಲ, ಆ ಥರದ್ದೆಲ್ಲ ನನಗೆ ಬರಲ್ಲ. ಟೀ ತರಿಸಿದೆ. ಟೀ ಲೋಟ ಕೈಯಲ್ಲಿ ಹಿಡಿದು ಅವಳು ಆಫ್ ಆಗಿದ್ದ ಮೈಕಿನ ಮುಂದೆ ನೆಟ್ಟಗೆ ಕೂತು, ತನ್ನ ಕೆಲಸದ ಧ್ವನಿಯಲ್ಲೇ ಹೇಳಿದಳು:

"ಪ್ರಯಾಣಿಕರ ಗಮನಕ್ಕೆ. ಐದು ವರ್ಷಗಳಿಂದ 'ಇನ್ನೇನು ಬಂದೆ' ಎನ್ನುತ್ತಿದ್ದ ವರನು ತಾಂತ್ರಿಕ ಕಾರಣಗಳಿಂದ ಬರುತ್ತಿಲ್ಲ. ನಿಮಗಾದ ಅನಾನುಕೂಲಕ್ಕಾಗಿ ಅವನು ವಿಷಾದಿಸುವುದಿಲ್ಲ."

ನನ್ನ ಬಾಯಲ್ಲಿದ್ದ ಟೀ ಮೂಗಿಗೆ ಹೋಯಿತು. "ಇದನ್ನ ಫೋನಿಗೆ ಹಾಕೇ" ಅಂದೆ. ಸುಮ್ಮನೆ ಅಂದದ್ದಲ್ಲ. ಇವಳ ದುಃಖಕ್ಕೆ ಒಂದು ಬಾಗಿಲು ಬೇಕಿತ್ತು. ಮನೆಯಲ್ಲಿ ಅತ್ತರೆ ಅಮ್ಮನೂ ಅಳುತ್ತಾರೆ, ಸ್ಟ್ಯಾಂಡಿನಲ್ಲಿ ಅತ್ತರೆ ಮೈಕು ಅಳುತ್ತೆ.

ಹಾಗೆ ಶುರುವಾಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫ್ಯಾನು ಆರಿಸಿ (ಆಗಲೂ ನನಗೆ ಬೆವರು!) ಫೋನಿನಲ್ಲಿ ರೆಕಾರ್ಡ್ ಮಾಡಿ ನೆಟ್ಟಿಗೆ ಹಾಕುತ್ತಿದ್ದಳು. ಚಿತ್ರಕ್ಕೆ ಒಂದು ಖಾಲಿ ಬೆಂಚು. ಮುಖ ಇಲ್ಲ, ಅವನ ಹೆಸರಿಲ್ಲ, ಧ್ವನಿ ಮಾತ್ರ. "ಕಳೆದುಹೋಗಿದೆ: ಒಂದು ನೀಲಿ ಸ್ವೆಟರು, ಒಂದು ಕೊಡೆ ಮತ್ತು ಐದು ವರ್ಷ. ಸ್ವೆಟರು, ಕೊಡೆ ಸಿಕ್ಕವರು ಹಿಂತಿರುಗಿಸಿ. ಐದು ವರ್ಷ ಅವನೇ ಇಟ್ಟುಕೊಳ್ಳಲಿ, ಮುಂದಿನವಳಿಗೆ ಅನುಭವ ಬೇಕಾಗುತ್ತದೆ." ಇನ್ನೊಂದು ದಿನ, "ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ. ಬೆಂಚಿನ ಮೇಲೆ ವಾರಸುದಾರರಿಲ್ಲದ ಗಂಡಸು ಕಂಡುಬಂದಲ್ಲಿ ಹತ್ತಿರ ಹೋಗದೆ ಕೂಡಲೇ ಸಿಬ್ಬಂದಿಗೆ ತಿಳಿಸಿ."

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕೈ ಕೊಡಿಸಿಕೊಂಡವರೆಲ್ಲ ಅದರ ಕೆಳಗೆ ಬಂದು ತಮ್ಮ ತಮ್ಮ ಪ್ರಕಟಣೆ ಬರೆದರು. ಯಾರೋ ಒಬ್ಬಳು, "ನನ್ನವನದು ಮಾರ್ಗ ಬದಲಾವಣೆ ಅಲ್ಲ ಮೈಕಮ್ಮ, ಬಸ್ಸೇ ಕದ್ದುಕೊಂಡು ಹೋದ" ಅಂತ ಬರೆದಿದ್ದಳು. ಇವಳು ಅದನ್ನು ನನಗೆ ಓದಿ ಹೇಳಿ, "ನೋಡಕ್ಕಾ, ನಮ್ಮದೇ ಒಂದು ವೇಟಿಂಗ್ ಹಾಲ್ ಆಯ್ತು" ಅಂದಳು. ಅವತ್ತಿನಿಂದ ಬುತ್ತಿ ಪೂರ್ತಿ ಖಾಲಿ ಮಾಡೋಕೆ ಶುರು ಮಾಡಿದಳು.

ಅವಳಮ್ಮ ಮಾತ್ರ ಕಿಡಿಕಿಡಿ. ಮನೆಯಲ್ಲಿ ಹೊಲಿಗೆ ಮಾಡುವ ಹೆಂಗಸು, ಮಾತು ಕಡಿಮೆ. ಒಂದು ದಿನ ನನ್ನ ಕೌಂಟರಿಗೇ ಬಂದರು. "ಮುರಿದುಹೋದ ಮದುವೇನ ಊರಿಗೆಲ್ಲ ಹೇಳ್ಕೊಂಡು ನಗ್ತಾಳಲ್ಲಾ, ನೀವಾದ್ರೂ ಬುದ್ಧಿ ಹೇಳಬಾರದಾ?" ಅಂದರು. ನಾನು, "ಅಮ್ಮಾ, ಊರು ಹೇಗಿದ್ರೂ ಮಾತಾಡುತ್ತೆ. ಅವಳೇ ಮೊದಲು ಮಾತಾಡಿದ್ಲು, ಅಷ್ಟೇ" ಅಂದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಆ ಸ್ವೆಟರಿನದು ಚೆನ್ನಾಗಿತ್ತು. ನಮ್ಮಕ್ಕನಿಗೆ ಕಳಿಸಿದ್ದೆ" ಅಂದುಬಿಟ್ಟರು!

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಫೋನಿನಲ್ಲಿ ಏನೇ ಕುಣಿದರೂ, ಚಾಲೂ ಮೈಕಿನಲ್ಲಿ ಅವಳು ಒಂದೇ ಒಂದು ತಮಾಷೆಯ ಮಾತಾಡಿದವಳಲ್ಲ. ಬೆಟ್ಟದ ಬಸ್ಸನ್ನೂ ಮಾರನೆಯ ದಿನದಿಂದಲೇ ಕರೆದಳು. ಮೂರು ಸಲ, ತಪ್ಪಿಲ್ಲದೆ. ಆದರೆ ಮೂರನೆಯದರ ಕೊನೆಯಲ್ಲಿ ಶುಭ ಪ್ರಯಾಣ ಇರಲಿಲ್ಲ. ಬೇರೆ ಎಲ್ಲ ಬಸ್ಸಿಗೂ ಇತ್ತು, ಅದೊಂದಕ್ಕೆ ಬಿಟ್ಟಳು. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ, ಕೇಳಲಿಲ್ಲ.

ಅವನಿಗೆ ಇದೆಲ್ಲ ಗೊತ್ತಾಗದೇ ಇರುತ್ತಾ? ಡ್ರೈವರುಗಳು, ಕಂಡಕ್ಟರುಗಳು ಬಿಡುವ ಜನರಲ್ಲ. ಅವನಿಗೆ 'ತಾಂತ್ರಿಕ ಕಾರಣ' ಅಂತಲೇ ಹೆಸರಿಟ್ಟರು. "ಏ ತಾಂತ್ರಿಕ ಕಾರಣ, ಟೀ ಕುಡೀತೀಯೇನೋ?" ಅಂತ ಸ್ಟ್ಯಾಂಡಿನ ಆ ತುದಿಯಿಂದ ಕೂಗುತ್ತಿದ್ದರು. ಅವನು ಮುಖ ಗಂಟು ಹಾಕಿಕೊಂಡು ಬಸ್ಸಿನಲ್ಲೇ ಕೂರುತ್ತಿದ್ದ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಇದರಲ್ಲಿ ಸುಳ್ಳು ಹೇಳಿ ಏನಾಗಬೇಕು?

ಸಂತೋಷಕ್ಕೆ ಕಲ್ಲು ಹಾಕೋಕೆ ಅಂತಲೇ ಹೊಸ ಮ್ಯಾನೇಜರು ಇದ್ದರು. ಅವರು ಬಂದ ಹೊಸತರಲ್ಲೇ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತರಿಸಿ ನಮ್ಮ ಗೂಡಿನಲ್ಲಿಟ್ಟಿದ್ದರು. ಅದರೊಳಗೆ ತಾನಾಗಿ ಪ್ರಕಟಣೆ ಹೇಳುವ ಯಂತ್ರ. ಯಾವುದೋ ಊರಿನ ಯಾವುದೋ ಹೆಣ್ಣಿನ ಧ್ವನಿಯನ್ನು ತುಂಡು ತುಂಡು ಮಾಡಿ ಅದಕ್ಕೆ ತುಂಬಿದ್ದಾರಂತೆ. ಇನ್ನೂ ಬಿಚ್ಚಿರಲಿಲ್ಲ, ನಾನು ಅದರ ಮೇಲೆ ಊಟದ ಡಬ್ಬಿ ಇಟ್ಟುಕೊಳ್ಳುತ್ತಿದ್ದೆ. ಮ್ಯಾನೇಜರು ಫೋನಿನಲ್ಲಿ ಇವಳ ತಮಾಷೆಗಳನ್ನೆಲ್ಲ ಕೇಳಿ, ಒಂದು ದಿನ ಗೂಡಿಗೆ ಬಂದರು. ತುಟಿ ಬಿಗಿಹಿಡಿದುಕೊಂಡೇ ಮಾತಾಡಿದರು, ನಗು ತಡೆದುಕೊಂಡಿದ್ದು ನನಗೆ ಕಾಣುತ್ತಿತ್ತು.

"ನೀವು ಮನೇಲಿ ಏನು ಮಾಡ್ತೀರೋ ನಂಗೆ ಬೇಡ. ಆದರೆ ಇದೇ ಧ್ವನಿ, ಇದೇ ಮಾತು. ಪ್ರಯಾಣಿಕರ ಕಡೆಯಿಂದ ಒಂದೇ ಒಂದು ದೂರು ಬಂದರೂ ಈ ಪೆಟ್ಟಿಗೆ ಬಿಚ್ಚಿಸ್ತೀನಿ. ನಿಮ್ಮನ್ನ ಪಾರ್ಸೆಲ್ ವಿಭಾಗಕ್ಕೆ ಕಳಿಸ್ತೀನಿ."

"ಬರಲ್ಲ ಸರ್. ಮೈಕಿನ ಮಾತು ಬೇರೆ, ಫೋನಿನ ಮಾತು ಬೇರೆ. ಜನಕ್ಕೆ ಗೊತ್ತಾಗುತ್ತೆ" ಅಂದಳು ಇವಳು. ಧೈರ್ಯಕ್ಕೇನೂ ಕಡಿಮೆ ಇಲ್ಲ. ಅವರು ಹೋದ ಮೇಲೆ ಮಾತ್ರ ಮೈಕಿನ ಸ್ಪಂಜು ತೆಗೆದು, ಅದು ಕೊಳೆಯಾಗದೇ ಇದ್ದರೂ ತೊಳೆದು ಹಿಂಡಿ ಕಿಟಕಿಯಲ್ಲಿಟ್ಟಳು. ಆ ಮೈಕು ಹೋದರೆ ಇವಳಿಗೆ ಉಳಿಯುವುದೇನು ಅಂತ ನನಗೆ ಗೊತ್ತಿತ್ತು. ಅವನನ್ನು ಕಳೆದುಕೊಂಡಾಗ ಇವಳನ್ನು ಎತ್ತಿ ನಿಲ್ಲಿಸಿದ್ದು ಆ ಧ್ವನಿಯೇ.

ಅವಳ ಪ್ರಕಟಣೆಗಳಲ್ಲೆಲ್ಲ ತುಂಬಾ ಓಡಿದ್ದು ಒಂದಿತ್ತು. ಮಕ್ಕಳು ಬಾಯಿಪಾಠ ಮಾಡಿದ್ದರು. "ಪ್ರಯಾಣಿಕರ ಗಮನಕ್ಕೆ. ತಾಂತ್ರಿಕ ಕಾರಣಗಳಿಂದ ಬೆಟ್ಟದ ಊರಿಗೆ ಹೊರಡುವ ನಮ್ಮ ಹುಡುಗನು ಮೂರನೇ ಪ್ಲಾಟ್‌ಫಾರಂನ ಬದಲಾಗಿ ಬೇರೆ ಪ್ಲಾಟ್‌ಫಾರಂನಿಂದ ಹೊರಡಲಿದ್ದಾನೆ. ಇಲ್ಲಿ ಕಾಯುತ್ತಿರುವವರು ಕಾಯುವುದನ್ನು ನಿಲ್ಲಿಸಿ, ಕೈಕಾಲು ತೊಳೆದು ಊಟ ಮಾಡಬೇಕಾಗಿ ವಿನಂತಿ."

ಒಂದು ಸಂಜೆ ಏನಾಯಿತು ಅಂದರೆ, ಮೂರನೇ ಪ್ಲಾಟ್‌ಫಾರಂನಲ್ಲಿ ಬೇರೊಂದು ಬಸ್ಸು ಗೇರು ಸಿಕ್ಕಿಕೊಂಡು ಅಲ್ಲೇ ಕೂತುಬಿಟ್ಟಿತು. ಅಲುಗಾಡಲ್ಲ. ಮೆಕ್ಯಾನಿಕ್ಕು ಅದರ ಕೆಳಗೆ ತೂರಿಕೊಂಡಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಹಾಗಾಗಿ ಬೆಟ್ಟದ ಬಸ್ಸನ್ನು ಒಂಬತ್ತನೇ ಪ್ಲಾಟ್‌ಫಾರಂಗೆ ಹಾಕಿದರು. ಒಂಬತ್ತು ಅಂದರೆ ರಿಪೇರಿ ಶೆಡ್ಡಿನ ಹಿಂದೆ, ಬೆಂಚಿನಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ಮೈಕು ಹೇಳಿದರಷ್ಟೇ ಗೊತ್ತಾಗಬೇಕು. ಇವಳಿಗೆ ಚೀಟಿ ಬಂತು. ಫ್ಯಾನು ಆರಿಸಿದಳು, ಟಿಂಗ್ ಟಾಂಗ್.

"ಪ್ರಯಾಣಿಕರ ಗಮನಕ್ಕೆ. ತಾಂತ್ರಿಕ ಕಾರಣಗಳಿಂದ..."

ವೇಟಿಂಗ್ ಹಾಲಿನಲ್ಲಿ ಒಂದು ಕಡೆಯಿಂದ ಕಿಸಕ್ ಅಂತ ನಗು.

"...ಬೆಟ್ಟದ ಊರಿಗೆ ಹೊರಡುವ ಕೊನೆಯ ಬಸ್ಸು ಮೂರನೇ ಪ್ಲಾಟ್‌ಫಾರಂನ ಬದಲಾಗಿ..."

ಹೋ ಅಂತ ಇಡೀ ಹಾಲು ನಕ್ಕಿತು. ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಿದರು, ಫೋನು ಮೇಲೆತ್ತಿ ಹಿಡಿದರು. ಒಂಬತ್ತು ಅಂದದ್ದು ಆ ಗಲಾಟೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಎರಡನೇ ಸಲ ಹೇಳಿದಳು, ಇನ್ನೂ ಜೋರು ನಗು. ಗೂಡಿನೊಳಗೆ ಅವಳಿಗೆ ಹೊರಗಿನ ಸದ್ದು ಗುಂಯ್ ಅಂತಷ್ಟೇ ಕೇಳುತ್ತೆ. ನನಗೂ ಆವತ್ತು ಕೌಂಟರಿನ ಮುಂದೆ ರಾಶಿ ಜನ. ಯಾಕೆ ನಗುತ್ತಿದ್ದಾರೆ ಅಂತ ನೋಡುವಷ್ಟರಲ್ಲಿ ಮೂರನೆಯದೂ ಮುಗಿಯಿತು. ಬಸ್ಸು ಹೊರಟಿತು.

ಸ್ವಲ್ಪ ಹೊತ್ತಿಗೆ ಮೂರನೇ ಪ್ಲಾಟ್‌ಫಾರಂನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಕಂಕುಳಲ್ಲಿ ಕೂಸು, ಹಿಂದೆ ಊರುಗೋಲಿನ ಅತ್ತೆ. "ಬೆಟ್ಟದ ಬಸ್ಸು ಬರಲೇ ಇಲ್ವಲ್ಲ ಮೇಡಂ?" ಅಂದಳು. "ಹೋಯ್ತಲ್ಲಮ್ಮಾ, ಒಂಬತ್ತರಿಂದ! ಮೂರು ಸಲ ಹೇಳಿದ್ಲಲ್ಲ!" ಅಂದೆ. ಅವಳು ಕಣ್ಣು ಬಿಟ್ಟುಕೊಂಡು ಹೇಳಿದಳು, "ಅದು ಅವಳ ತಮಾಷೆ ಅಲ್ವಾ?"

ಪ್ಲೈವುಡ್ ಗೋಡೆಯ ಆಚೆ ಇವಳಿಗೆ ಅದು ಕೇಳಿಸಿತು. ಬಾಗಿಲು ತೆರೆದು ಹೊರಗೆ ಬಂದಳು. ಕೆಲಸಕ್ಕೆ ಸೇರಿದಾಗಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಗೂಡು ಬಿಟ್ಟು ಹಾಲಿಗೆ ಬಂದವಳಲ್ಲ. ಬೆಂಚಿನಲ್ಲಿ ಬೆಟ್ಟಕ್ಕೆ ಹೋಗಬೇಕಾದ ಹತ್ತಿಪ್ಪತ್ತು ಜನ ಹಾಗೇ ಕೂತಿದ್ದರು. ಇವರಿಗೆ ಬೆಳಗಿನವರೆಗೆ ಬೇರೆ ಬಸ್ಸಿಲ್ಲ. ಇವಳು ಅವರ ಮುಂದೆ ನಿಂತು, "ನಾನೇ ಮೈಕಿನವಳು. ನಿಮ್ಮ ಬಸ್ಸು ಹೋಗಿದೆ. ನೀವು ನಕ್ಕಿದ್ದು ನಿಮ್ಮ ತಪ್ಪಲ್ಲ, ನಾನು ನಗಿಸಿ ನಗಿಸಿ ಹಾಗಾಗಿದೆ. ಯಾರೂ ಹೋಗಬೇಡಿ, ಬಸ್ಸು ವಾಪಸ್ ಕರೆಸ್ತೀನಿ" ಅಂದಳು. ಮುಖ ಬಿಳಿಚಿತ್ತು, ಧ್ವನಿ ಅಲುಗಲಿಲ್ಲ.

ಅಷ್ಟರಲ್ಲಿ ಮ್ಯಾನೇಜರು ಗಲಾಟೆ ಕೇಳಿ ಬಂದರು. "ನಾನು ಹೇಳಿರಲಿಲ್ವಾ?" ಅಂತ ಶುರು ಮಾಡಿದರು. "ಯಾರಿಗೂ ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಅಂದ್ಮೇಲೆ ಮೈಕ್ ಯಾಕೆ ಬೇಕು? ನಾಳೆ ಪೆಟ್ಟಿಗೆ ಬಿಚ್ಚಿಸ್ತೀನಿ."

"ಬಿಚ್ಚಿಸಿ ಸರ್. ಅದು ನಾಳೆ ಮಾತು. ಈಗ ಬಸ್ಸು ತಿರುಗಿಸೋಕೆ ಒಪ್ಪಿಗೆ ಕೊಡಿ, ಈ ಕೂಸು ಮನೆ ಸೇರಲಿ."

ಅವರು ಕೂಸಿನ ಮುಖ ನೋಡಿ, "ಕೊಟ್ಟೆ, ಕರೀರಿ ನೋಡೋಣ" ಅಂದರು.

ನಾನು ಕಂಡಕ್ಟರಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಆ ಪುಣ್ಯಾತ್ಮನ ಫೋನಿನಲ್ಲಿ ಯಾವತ್ತು ಚಾರ್ಜ್ ಇತ್ತು? ಇನ್ನು ಉಳಿದದ್ದು ಒಂದೇ ನಂಬರು. ನಾನು ಇವಳ ಮುಖ ನೋಡಿದೆ. "ಅಳಿಸಿ ಹಾಕಿದ್ದೆ ಅಂತಿದ್ಯಲ್ಲೇ?" ಅಂದೆ ಮೆಲ್ಲಗೆ.

"ಫೋನಿನಿಂದ ಅಳಿಸಿದೆ ಅಕ್ಕಾ. ತಲೆಯಿಂದ ಹೋಗ್ಲಿಲ್ಲ" ಅಂದಳು. ಗಡಿಯಾರ ನೋಡಿದಳು. "ಈಗ ಬಂಕಿನಲ್ಲಿರ್ತಾನೆ. ಎತ್ತುತ್ತಾನೆ."

ಎಲ್ಲರ ಎದುರಿಗೇ ನಂಬರು ಒತ್ತಿದಳು. ಅವನು ಎತ್ತಿದ. ಇವಳು ಹಲೋ ಕೂಡ ಅನ್ನಲಿಲ್ಲ. "ನಾನು. ನಿನ್ನ ಬಸ್ಸಿನ ಜನ ಎಲ್ಲ ಇಲ್ಲೇ ಉಳಿದಿದಾರೆ. ಮ್ಯಾನೇಜರ್ ಒಪ್ಪಿಗೆ ಆಗಿದೆ. ತಿರುಗಿಸ್ಕೊಂಡು ಬಾ" ಅಂದು ಇಟ್ಟಳು. ಆಮೇಲೆ ಫೋನು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಊರುಗೋಲಿನ ಅತ್ತೆಗೆ ಕುರ್ಚಿ ಹಾಕುವ ನೆಪದಲ್ಲಿ ಅವಳ ಮುಂದೆ ಅಡ್ಡ ನಿಂತೆ, ಆ ಫೋನೆತ್ತಿದ ಹುಡುಗಿಯರಿಗೆ ಕಾಣಬಾರದು ಅಂತ.

ಬಸ್ಸು ಬಂತು. ಅವನು ಇಳಿದು ನೇರ ಇವಳ ಹತ್ತಿರ ಬಂದ. ಎರಡು ಸಾಲು ಕಳಿಸಿದ ಮೇಲೆ ಇಬ್ಬರೂ ಎದುರುಬದುರಾಗಿದ್ದು ಆವತ್ತೇ. ಹಾಲಿಗೆ ಹಾಲೇ ಕಿವಿ ನೆಟ್ಟಗೆ ಮಾಡಿಕೊಂಡಿತ್ತು. ಎಲ್ಲರಿಗೂ ಒಂದು ತಮಾಷೆ ಬೇಕು. ನನಗೆ ತಡೆಯಲಿಲ್ಲ, ನಾನೇ ಬಾಯಿ ಹಾಕಿದೆ, "ಏನಯ್ಯಾ, ಬಸ್ಸು ಖಾಲಿ ಇರೋದು ನಿನ್ನ ಕಣ್ಣಿಗೆ ಬೀಳಲಿಲ್ವಾ? ಗಾಳಿ ತುಂಬಿಕೊಂಡು ಹೊರಟಿದ್ಯಾ?"

ಅವನು ತಲೆ ತಗ್ಗಿಸಿ ಹೇಳಿದ, "ಇವಳ ಧ್ವನಿ ಮೂರು ಸಲ ಕೇಳಿಸ್ತು ಅಕ್ಕಾ. ಇವಳು ಹೇಳಿದ್ಮೇಲೂ ಜನ ಬಂದಿಲ್ಲ ಅಂದ್ರೆ ಇವತ್ತು ಜನಾನೇ ಇಲ್ಲ ಅಂದ್ಕೊಂಡೆ."

ಇಡೀ ಸ್ಟ್ಯಾಂಡಿನಲ್ಲಿ ಆ ಸಂಜೆ ಅವಳ ಮಾತನ್ನು ಇದ್ದ ಹಾಗೆ ನಂಬಿದವನು ಇವನೊಬ್ಬನೇ. ಬೈಯೋಣ ಅಂದುಕೊಂಡಿದ್ದೆಲ್ಲ ಗಂಟಲಲ್ಲೇ ಉಳಿಯಿತು, ಅದಕ್ಕೂ ನನಗೆ ಸಿಟ್ಟು ಬಂತು.

ಅವನು ಇವಳ ಕಡೆ ತಿರುಗಿ, "ನನಗೆ ತಾಂತ್ರಿಕ ಕಾರಣ ಅಂತ ಹೆಸರು ಬಿದ್ದಿದೆ, ಗೊತ್ತಾ?" ಅಂದ.

"ಗೊತ್ತು."

"ಸ್ವೆಟರಿನದು ಕೇಳಿ ನಂಗೂ ನಗು ಬಂತು."

"ನಗು ಬರ್ಲಿ ಅಂತಾನೇ ಮಾಡಿದ್ದು" ಅಂದಳು ಇವಳು. ಆಮೇಲೆ ನಗದೆ, ಅಳದೆ, ಬಸ್ಸಿನ ಹೊತ್ತು ಹೇಳುವಷ್ಟು ಸ್ಪಷ್ಟವಾಗಿ ಹೇಳಿದಳು. "ನೀನು ಬಿಟ್ಟು ಹೋಗಿದ್ದು ನಂಗೆ ತುಂಬಾ ನೋವಾಯ್ತು. ಎರಡು ಸಾಲಲ್ಲಿ ಹೇಳಿದ್ದು ಅದಕ್ಕಿಂತ ನೋವಾಯ್ತು. ಇದನ್ನ ಊರಿಗೆಲ್ಲ ತಮಾಷೆ ಮಾಡಿ ಹೇಳಿದೆ, ನಿಂಗೆ ಮಾತ್ರ ನೇರವಾಗಿ ಹೇಳಿರಲಿಲ್ಲ. ಈಗ ಹೇಳಿದೀನಿ. ಹೋಗು, ಬಸ್ಸನ್ನ ಒಂಬತ್ತಕ್ಕೆ ಹಾಕು."

ಅವನು ಬಾಯಿ ತೆರೆದ. ಏನು ಹೇಳುತ್ತಿದ್ದನೋ. ಇವಳು ಆಗಲೇ ತಿರುಗಿ ಗೂಡಿನ ಕಡೆ ನಡೆದಿದ್ದಳು. ಮೇಲೆತ್ತಿದ್ದ ಫೋನುಗಳು ಒಂದೊಂದಾಗಿ ಕೆಳಗಿಳಿದವು. ನಾನು ಓಡಿ ಬಂದು ನನ್ನ ಕೈಯಾರೆ ಫ್ಯಾನು ಆರಿಸಿದೆ.

ಟಿಂಗ್ ಟಾಂಗ್. "ಪ್ರಯಾಣಿಕರ ಗಮನಕ್ಕೆ. ತಾಂತ್ರಿಕ ಕಾರಣಗಳಿಂದ ಬೆಟ್ಟದ ಊರಿಗೆ ಹೊರಡುವ ಕೊನೆಯ ಬಸ್ಸು ಮೂರನೇ ಪ್ಲಾಟ್‌ಫಾರಂನ ಬದಲಾಗಿ ಒಂಬತ್ತನೇ ಪ್ಲಾಟ್‌ಫಾರಂನಿಂದ ಹೊರಡಲಿದೆ."

ಅದೇ ಮಾತು, ಒಂದಕ್ಷರ ಬದಲಾಯಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ 'ತಾಂತ್ರಿಕ ಕಾರಣ'ವನ್ನು ಹಾರಿಸಿ ಹೇಳುತ್ತಿದ್ದರು. ನಾನು ಉಸಿರು ಹಿಡಿದುಕೊಂಡೆ. ಒಬ್ಬರೂ ನಗಲಿಲ್ಲ. ಮೊದಲನೇ ಸಲಕ್ಕೇ ಬೆಂಚಿನಲ್ಲಿದ್ದವರೆಲ್ಲ ಎದ್ದರು, ಚೀಲ ಎತ್ತಿಕೊಂಡರು, ಶೆಡ್ಡಿನ ಕಡೆ ಹೊರಟರು. ಕಾಲೇಜು ಹುಡುಗಿಯೊಬ್ಬಳು ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದಳು.

ಎರಡನೇ ಸಲ ಹೇಳುವಾಗ ಮ್ಯಾನೇಜರು ನನ್ನ ಕೌಂಟರಿಗೆ ಬಂದು ಒರಗಿ ನಿಂತರು. ಹಾಲು ಖಾಲಿಯಾಗುವುದನ್ನು ನೋಡುತ್ತಿದ್ದರು.

"ದೂರು ಬರೆದುಕೊಡ್ತೀನಿ ಅಂತ ಯಾರಾದ್ರೂ ಬಂದ್ರಾ?" ಅಂತ ಕೇಳಿದರು.

"ಇಲ್ಲ ಸರ್. ಎಲ್ರೂ ಬಸ್ಸು ಹತ್ತಿದ್ರು. ನಿಮ್ಮ ಯಂತ್ರ ಆಗಿದ್ರೆ ಹೋದ ಬಸ್ಸನ್ನ ವಾಪಸ್ ಕರೀತಿತ್ತಾ ಸರ್?" ಅಂದೆ. ಕೆಲಸ ಹೋದರೆ ಹೋಗಲಿ ಅಂತಲೇ ಅಂದೆ.

ಅವರು ಗೂಡಿನ ಕಡೆ ತಿರುಗಿ ನೋಡಿದರು. "ಆ ಪೆಟ್ಟಿಗೆ ಮೇಲೆ ನೀವು ಊಟದ ಡಬ್ಬಿ ಇಡ್ತೀರಂತೆ?"

"ಹೌದು ಸರ್."

"ಎಣ್ಣೆ ಸೋರದ ಹಾಗೆ ನೋಡ್ಕೊಳ್ಳಿ" ಅಂದು ಹೊರಟುಹೋದರು.

ನಾನು ಗೂಡಿನ ಬಾಗಿಲಿಗೆ ಹೋಗಿ ನಿಂತೆ. ಇವಳು ಗಡಿಯಾರ ನೋಡುತ್ತಿದ್ದಳು. ಮುಳ್ಳು ಸರಿಯಾದ ಜಾಗಕ್ಕೆ ಬರುವವರೆಗೆ ಕಾದು, ಮೂರನೇ ಸಲ ಹೇಳಿದಳು. ಹೊರಗೆ ಈಗ ಕೇಳಿಸಿಕೊಳ್ಳಬೇಕಾದವರು ಯಾರೂ ಉಳಿದಿರಲಿಲ್ಲ, ಆದರೂ ಹೇಳಿದಳು. ಹೇಳಿ ಮುಗಿಸಿದ ಮೇಲೂ ಮೈಕಿನ ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಶೆಡ್ಡಿನ ಹಿಂದೆ ಬಸ್ಸಿನ ಇಂಜಿನ್ನು ಗುರುಗುಡುವುದು ಕೇಳಿಸುತ್ತಿತ್ತು. ಅವನು ಕಾಯುತ್ತಿದ್ದಾನೆ ಅಂತ ನನಗೂ ಗೊತ್ತಾಯಿತು. ಅವಳು ಶುಭ ಪ್ರಯಾಣ ಬಿಟ್ಟಿದ್ದನ್ನು ಗಮನಿಸಿದವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಇವಳು ಮೈಕಿನ ಹತ್ತಿರಕ್ಕೆ ಬಾಗಿದಳು.

"ಶುಭ ಪ್ರಯಾಣ."

ಬಸ್ಸು ಹೊರಟಿತು. ಅವನು ಹಾರನ್ ಹೊಡೆಯಲಿಲ್ಲ, ಅಷ್ಟು ಬುದ್ಧಿ ಇತ್ತು. ಇವಳು ಗುಂಡಿ ಬಿಟ್ಟು, ಕುರ್ಚಿಗೆ ಒರಗಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಅಕ್ಕಾ, ಫ್ಯಾನು ಹಾಕು. ಸೆಕೆ" ಅಂದಳು.